ಪ್ರಥಮ ಭಾಷೆ

ಎಂಟನೆಯ ತರಗತಿಗೆ ಸೇರುವ ಮಕ್ಕಳ ಅರ್ಜಿಯಲ್ಲಿ ಹೆಸರು, ಜನ್ಮದಿನ, ತಂದೆಯ ಉದ್ಯೋಗ ಮೊದಲಾದವುಗಳ ಕೆಳಗೆ ‘ಪ್ರಥಮ ಭಾಷೆ’ ಎಂಬ ಒಂದು ಸಾಲಿತ್ತು. ಅದರ ಮುಂದೆ ಬರೆಯಬೇಕಾದುದು ಒಂದೇ ಶಬ್ದ. ಆ ಒಂದು ಶಬ್ದಕ್ಕಾಗಿ ೨೦೧೨ನೆಯ ಇಸವಿಯ ಮೇ ತಿಂಗಳ ಕೊನೆಯ ವಾರವಿಡೀ ಸಂತೆಕಟ್ಟೆಯ ಒಂದು ಮನೆಯಲ್ಲಿ ಊಟದ ಹೊತ್ತು ತಪ್ಪಿತು, ಮಾತು ಬೆಳೆಯಿತು, ಕಡೆಗೆ ಎರಡು ದಿನ ಮಾತೇ ನಿಂತುಹೋಯಿತು ಎಂದರೆ ಹೊರಗಿನವರು ನಕ್ಕಾರು. ಓದುವ ಮಕ್ಕಳಿರುವ ಮನೆಯವರು ನಗಲಾರರು.

ಉಡುಪಿಯಿಂದ ಬಡಗಲಾಗಿ ಹೆದ್ದಾರಿಯನ್ನು ಹಿಡಿದು ಹೋಗುವವರಿಗೆ ಸುವರ್ಣಾ ನದಿಯ ಸೇತುವೆಗೆ ಮುನ್ನ ಸಿಗುವ ಈ ಊರು ಹೆಸರಿನಿಂದಲೇ ಸಂತೆಯದು. ಸಂತೆಯ ದಿನ ಇಲ್ಲಿ ಅರೆಗಳಿಗೆ ಕಿವಿಗೊಟ್ಟು ನಿಂತರೆ ಸಾಕು. ಮೀನಿನ ಬುಟ್ಟಿಯ ಮುಂದೆ ಕುಳಿತ ಹೆಂಗಸು ತುಳುವಿನಲ್ಲಿ ಬೆಲೆ ಹೇಳುತ್ತಾಳೆ. ಕಲ್ಯಾಣಪುರದ ಇಗರ್ಜಿಯ ಕಡೆಯಿಂದ ಬಂದ ಬಾಯಿ ಅದನ್ನು ಕೇಳಿ ಕೊಂಕಣಿಯಲ್ಲಿ ಗೊಣಗಿಕೊಂಡು ತುಳುವಿನಲ್ಲಿ ಚೌಕಾಸಿ ಮಾಡುತ್ತಾಳೆ. ಘಟ್ಟದ ಮೇಲಿನಿಂದ ಈರುಳ್ಳಿ ಮೆಣಸುಗಳನ್ನು ತಂದವನು ತನ್ನ ಸೀಮೆಯ ಕನ್ನಡವನ್ನೇ ಕೂಗುತ್ತಾನೆ. ಪಕ್ಕದಲ್ಲಿ ಬ್ಯಾರಿ ಮಾತು. ಇವರಲ್ಲಿ ಯಾರೊಬ್ಬರೂ ಭಾಷೆಯನ್ನು ಆರಿಸಿಕೊಂಡವರಲ್ಲ. ಬೇಕಾದುದು ಬೇಕಾದಾಗ ನಾಲಗೆಗೆ ಬರುತ್ತದೆ. ಈ ಐಶ್ವರ್ಯವನ್ನೆಲ್ಲ ಒಂದು ಗೆರೆಯೊಳಗೆ ಇಕ್ಕಟ್ಟಾಗಿ ಕೂರಿಸಬೇಕಾಗುವುದು ಶಾಲೆಯ ಬಾಗಿಲಿನಲ್ಲಿ ಮಾತ್ರ.

ಆ ಮನೆಯ ಮಾತು ತುಳು. ಹುಡುಗಿ ಓದುತ್ತಿದ್ದುದು ಇಂಗ್ಲಿಷು ಮಾಧ್ಯಮದಲ್ಲಿ. ಮಣಿಪಾಲದ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ತಂದೆ ಈ ವಿಷಯವನ್ನೂ ಲೆಕ್ಕವಾಗಿಯೇ ಕಂಡನು. ಹತ್ತನೆಯ ತರಗತಿಯ ಪರೀಕ್ಷೆಗೆ ಒಟ್ಟು ೬೨೫ ಅಂಕ; ಉಳಿದ ವಿಷಯಗಳಿಗೆಲ್ಲ ನೂರು ನೂರಾದರೆ ಪ್ರಥಮ ಭಾಷೆಗೆ ಮಾತ್ರ ೧೨೫. ಕನ್ನಡವನ್ನು ತೆಗೆದುಕೊಂಡರೆ ಹಳಗನ್ನಡ ಪದ್ಯ, ಛಂದಸ್ಸು, ಅಲಂಕಾರ, ಪ್ರಬಂಧ ಎಂದು ಅಲ್ಲೊಂದು ಇಲ್ಲೊಂದು ಅಂಕ ಸೋರಿಹೋಗುತ್ತದೆ. ಸಂಸ್ಕೃತವಾದರೆ ಪಾಠ ಕಿರಿದು, ಪ್ರಶ್ನೆ ಹಳೆಯವು, ಉತ್ತರವನ್ನು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆದರೂ ನಡೆಯುತ್ತದೆ. ಹತ್ತು ಹನ್ನೆರಡು ಅಂಕಗಳ ಅಂತರದಿಂದ ಒಳ್ಳೆಯ ಕಾಲೇಜಿನ ಬಾಗಿಲು ಮುಚ್ಚಿದುದನ್ನು ಅವನು ನೆರೆಮನೆಗಳಲ್ಲಿ ಕಂಡಿದ್ದನು. ಬೆಂಗಳೂರಿನಲ್ಲಿದ್ದ ಅವನ ತಂಗಿಯ ಮನೆಯಲ್ಲಿಯೂ ಆಗ ಇದೇ ಚರ್ಚೆ. ಅಲ್ಲಿ ಸಂಸ್ಕೃತದ ಎದುರು ನಿಂತುದು ಫ್ರೆಂಚು. ಆ ಹುಡುಗನಿಗೆ ಫ್ರಾನ್ಸು ಎಲ್ಲಿದೆಯೆಂದು ಕೇಳಿದರೆ ನಕ್ಷೆಯನ್ನು ಹುಡುಕುತ್ತಿದ್ದನೋ ಏನೋ, ಅಂಕ ಎಷ್ಟು ಬರುತ್ತದೆಂಬುದು ಮಾತ್ರ ಖಚಿತವಾಗಿ ಗೊತ್ತಿತ್ತು. ಈ ತಂದೆಯನ್ನು ಲೋಭಿಯೆಂದು ಹಳಿಯುವುದು ಸುಲಭ. ಮಗಳ ಮುಂದಿನ ದಾರಿಯನ್ನು ಅಂಗುಲ ಅಂಗುಲವಾಗಿ ಅಳೆಯುವವನಿಗೆ ಅಂಕವಲ್ಲದೆ ಬೇರೆ ಅಳತೆಗೋಲನ್ನು ಯಾರು ಕೊಟ್ಟಿದ್ದಾರೆ?

ಮನೆಯ ಹಿರಿಯರಿಗೆ ಇದರಿಂದ ಸಂತೋಷವಾದೀತೆಂದೇ ಎಲ್ಲರೂ ತಿಳಿದಿದ್ದರು. ಅವರು ಉಡುಪಿಯ ಸಂಸ್ಕೃತ ಪಾಠಶಾಲೆಯಲ್ಲಿ ಸಿದ್ಧರೂಪ, ಅಮರ, ರಘುವಂಶ ಎಂದು ಕ್ರಮವಾಗಿ ಮೆಟ್ಟಲೇರಿ, ಬಳಿಕ ವ್ಯಾಕರಣವನ್ನು ಹತ್ತಾರು ವರ್ಷ ಪಾಠ ಹೇಳಿದವರು. ಮಗ ಲೆಕ್ಕದ ದಾರಿ ಹಿಡಿದಾಗ ಅವರು ಮರುಮಾತಾಡಿರಲಿಲ್ಲ. ಮೊಮ್ಮಗಳಿಂದಲಾದರೂ ವಿದ್ಯೆ ಮನೆಗೆ ಹಿಂದಿರುಗಲಿ ಎಂಬ ಆಸೆ ಅವರಲ್ಲಿದ್ದುದು ಎಲ್ಲರಿಗೂ ತಿಳಿದಿತ್ತು. ಆದರೆ ಅವರು ಹಿಂದಿನ ವರ್ಷದ ಪ್ರಶ್ನಪತ್ರಿಕೆಯೊಂದನ್ನು ತರಿಸಿ, ಕನ್ನಡಕವನ್ನು ಒರಸಿಕೊಂಡು ಎರಡು ಸಲ ಓದಿ, ಮಡಚಿ ಕೆಳಗಿಟ್ಟರು.

“ಇವಳು ಕನ್ನಡವನ್ನೇ ಓದಲಿ.”

ಬಾಯಿಪಾಠವನ್ನು ಅವರು ಹೀಗಳೆಯುವವರಲ್ಲ. ಅರ್ಥ ತಿಳಿಯುವ ಮೊದಲೇ ಅಮರವನ್ನು ಕಂಠಸ್ಥ ಮಾಡಿದವರೇ ಅವರು. ಅವರಿಗೆ ನೊಂದುದು ಬೇರೊಂದು ಕಾರಣಕ್ಕೆ. ಆ ಭಾಷೆಯಲ್ಲಿ ಒಂದು ಪೂರ್ಣ ವಾಕ್ಯವನ್ನೂ ಸ್ವತಃ ಕಟ್ಟದೆ ಅದರಲ್ಲಿ ತೇರ್ಗಡೆಯಾಗಬಹುದೆಂಬುದನ್ನು ಅವರ ಮನಸ್ಸು ಒಪ್ಪಲಿಲ್ಲ. ಇನ್ನೊಂದು ಕಾರಣವನ್ನು ಅವರು ಮಗನಿಗೆ ಮಾತ್ರ ಹೇಳಿದರು. “ಸಂಸ್ಕೃತವನ್ನು ನಾನು ಈ ಜಗಲಿಯಲ್ಲೇ ಕೊಡಬಲ್ಲೆ. ಪಂಪನ ಕನ್ನಡವನ್ನು ಕೊಡಲಾರೆ. ಅದು ನನಗೇ ಬಾರದು.”

“ನಿಮಗೆ ಹೋಗುವುದೇನೂ ಇಲ್ಲ, ಅಪ್ಪಯ್ಯ. ಅಂಕ ಹೋಗುವುದು ಮಗುವಿನದು” ಎಂದನು ಮಗ. ಮಾತು ನಿಂತುದು ಆ ಸಂಜೆಯಿಂದ.

ಈ ಜಗಳ ಆ ಮನೆಯಲ್ಲಿ ಹುಟ್ಟಿದುದಲ್ಲ. ಈ ಜಿಲ್ಲೆ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, ೧೯೩೮ರಲ್ಲಿ, ರಾಜಗೋಪಾಲಾಚಾರ್ಯರ ಸರಕಾರವು ಕೆಲವು ಹೈಸ್ಕೂಲುಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿ, ಆ ಆಜ್ಞೆಯು ೧೯೪೦ರಲ್ಲಿ ರದ್ದಾಯಿತು. ೧೯೬೮ರ ಶಿಕ್ಷಣ ನೀತಿಯಿಂದ ಮೂರು ಭಾಷೆಗಳ ಸೂತ್ರ ಬಂತು. ೧೯೮೦ರಲ್ಲಿ ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಗಿ, ೧೯೮೧ರ ಜನವರಿಯಲ್ಲಿ ಅದರ ವರದಿ ಬಂದಾಗ ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಲೆಂಬ ಮಾತು ನಾಡನ್ನೇ ಕುದಿಸಿತು. ೧೯೮೨ರಲ್ಲಿ ರಾಜಕುಮಾರರು ಬೀದಿಗಿಳಿದ ಮೇಲಂತೂ ಹೇಳುವುದೇ ಬೇಡ. ಆ ದಿನಗಳಲ್ಲಿ ಈ ಹಿರಿಯರು ಸಂಸ್ಕೃತದ ಪಕ್ಷದಲ್ಲಿ ಗಟ್ಟಿಯಾಗಿ ನಿಂತವರು. ಮೂವತ್ತು ವರ್ಷಗಳ ಬಳಿಕ ತಮ್ಮ ಮನೆಯೊಳಗೆ ತಾವೇ ಎದುರು ಪಕ್ಷದ ಮಾತಾಡುವೆನೆಂದು ಅವರು ಕನಸಿನಲ್ಲಿಯೂ ನೆನೆದಿರಲಾರರು.

ಅಜ್ಜಿಯ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ. “ನಮ್ಮ ತುಳುವಿಗೆ ಅಂಕವಿಲ್ಲವೊ?” ಎಂದು ಆಕೆ ಕೇಳಿದರು. ಇತ್ತು. ಎರಡು ವರ್ಷ ಮುಂಚೆ, ೨೦೧೦ರಲ್ಲಿ, ಆರನೆಯ ತರಗತಿಯಿಂದ ತುಳುವನ್ನು ತೃತೀಯ ಭಾಷೆಯಾಗಿ ಕಲಿಸಲು ಅನುಮತಿ ದೊರೆತಿತ್ತು. ಆ ಶಾಲೆಗೆ ಅದು ಬಂದಿರಲಿಲ್ಲ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದವರು ಆರು ಸಂಪುಟಗಳ ಮಹಾನಿಘಂಟನ್ನು ತಂದ ಭಾಷೆಗೆ ಊರಿನ ಶಾಲೆಯಲ್ಲಿ ಒಂದು ಬೆಂಚು ಸಿಗುವುದು ಇಷ್ಟು ಕಷ್ಟ!

ಮೂರನೆಯ ದಿನ ಆ ಶಾಲೆಯ ಸಂಸ್ಕೃತ ಪಂಡಿತನೇ ಮನೆಗೆ ಬಂದನು. ಹಿರಿಯರ ಶಿಷ್ಯ, ಪಾಠಶಾಲೆಯ ದಿನಗಳಲ್ಲಿ ಅವರ ಮನೆಯಲ್ಲೇ ಉಂಡು ಬೆಳೆದವನು. ಕೈಯಲ್ಲಿ ನಾಲ್ಕು ಮಟ್ಟುಗುಳ್ಳ, ಬಗಲಲ್ಲಿ ಕೊಡೆ. ಆ ವರ್ಷ ಸಂಸ್ಕೃತಕ್ಕೆ ಮಕ್ಕಳ ಸಂಖ್ಯೆ ಸಾಲದೆ ಹೋದರೆ ಅವನ ಹುದ್ದೆ ಹೆಚ್ಚುವರಿಯೆಂದು ಎಣಿಸಲ್ಪಟ್ಟು, ಎಲ್ಲಿಗೋ ಹೋಗಬೇಕಾದೀತೆಂಬ ಸುದ್ದಿ ಹಿರಿಯರ ಕಿವಿಗೆ ದೇವಸ್ಥಾನದಲ್ಲಿ ಮೊದಲೇ ಬಿದ್ದಿತ್ತು. ಭಾಷೆಯ ಗೌರವವೆಂದು ನಾವು ಸಭೆಗಳಲ್ಲಿ ಆಡುವ ಮಾತಿನ ಬುಡದಲ್ಲಿ ಒಬ್ಬ ಉಪಾಧ್ಯಾಯನ ಅಕ್ಕಿಯ ಮೂಟೆ ಇರುತ್ತದೆ. ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳು ೧೯೬೦ರಲ್ಲಿ ಪ್ರವೇಶಕ್ಕೆ ಲ್ಯಾಟಿನ್ ಬೇಕೇ ಬೇಕೆಂಬ ನಿಯಮವನ್ನು ಕೈಬಿಟ್ಟ ಬಳಿಕ ಇಂಗ್ಲೆಂಡಿನ ಶಾಲೆಗಳಲ್ಲಿ ಲ್ಯಾಟಿನ್ ಓದುವವರು ಕರಗಿಹೋದರು. ಕಲಿಸುವವರ ಗತಿ ಏನಾಯಿತೆಂದು ಊಹಿಸುವುದು ಕಷ್ಟವಲ್ಲ.

ಬಂದವನು ಮಳೆಯ ಮಾತಾಡಿದನು, ಮಠದ ಉತ್ಸವದ ಮಾತಾಡಿದನು, ಕಾಫಿ ಕುಡಿದನು. ಕೇಳಬೇಕಾದುದನ್ನು ಕೇಳಲಿಲ್ಲ. ಕಡೆಗೆ ಹಿರಿಯರೇ, “ಮಗುವಿಗೆ ಕನ್ನಡ ಬರೆಸುವುದೆಂದು ನನ್ನ ಮನಸ್ಸು” ಎಂದರು. ಅವನು ನೆಲ ನೋಡಿ, “ಹಾಗೇ ಆಗಲಿ, ಗುರುಗಳೆ” ಎಂದು ನಮಸ್ಕರಿಸಿ ಹೊರಟನು. ಕೊಡೆ ಜಗಲಿಯಲ್ಲಿಯೇ ಉಳಿಯಿತು. ಮೊಣಕಾಲು ನೋವಿನಿಂದ ಅಂಗಳ ದಾಟದ ಹಿರಿಯರು ಅದನ್ನು ಹಿಡಿದುಕೊಂಡು ಹೆದ್ದಾರಿಯ ಬಸ್ಸು ನಿಲ್ಲುವಲ್ಲಿಯವರೆಗೆ ಒಬ್ಬರೇ ಹೋದರು. ಅಲ್ಲಿ ಏನು ಮಾತಾಯಿತೋ ಮನೆಯವರಿಗೆ ತಿಳಿಯದು. ಹಿಂದಿರುಗಿ ಬಂದವರು ಆ ರಾತ್ರಿ ಊಟ ಮಾಡಲಿಲ್ಲ.

ಹುಡುಗಿಯನ್ನು ಕೇಳಬೇಕೆಂದು ತಾಯಿಗೆ ಹೊಳೆದುದು ಐದನೆಯ ದಿನ. “ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು. ಕನ್ನಡವನ್ನು ಈಗ ಬಿಟ್ಟರೆ ಮತ್ತೆ ಯಾವಾಗ ಓದುವುದು?” ಎಂದಳು ಅವಳು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇಸರದಿಂದಲೇ ‘ಕನ್ನಡ’ ಎಂದು ಬರೆದು ಸಹಿ ಮಾಡಿದನು.

ಶಿಷ್ಯನ ಹುದ್ದೆ ಹೋಗಲಿಲ್ಲ. ಕೊನೆಯ ದಿನ ಬಂದು ಸೇರಿದ ಐದಾರು ಮಕ್ಕಳಿಂದ ಸಂಖ್ಯೆ ತುಂಬಿತು. ಅವರೆಲ್ಲರೂ ಅಂಕಕ್ಕಾಗಿ ಬಂದವರೇ. ಸುದ್ದಿ ಕೇಳಿದ ಹಿರಿಯರು, “ನಾನು ಹೀಗಳೆದವರೇ ಅವನ ಅನ್ನವನ್ನು ಉಳಿಸಿದರು” ಎಂದು ಹೆಂಡತಿಯೊಡನೆ ಹೇಳಿದರಂತೆ.

೨೦೧೫ರಲ್ಲಿ ಫಲಿತಾಂಶ ಬಂತು. (ತುಳುವನ್ನು ಓದಿದ ಮೊದಲ ತಂಡ ಹತ್ತನೆಯ ತರಗತಿಯ ಪರೀಕ್ಷೆ ಬರೆದುದೂ ಅದೇ ವರ್ಷ, ಅವರು ಇಪ್ಪತ್ತು ಮಂದಿಯೂ ಇರಲಿಲ್ಲ.) ಹುಡುಗಿಗೆ ಕನ್ನಡದಲ್ಲಿ ೧೧೩. ಅಂದು ಕೊನೆಯ ದಿನ ಸಂಸ್ಕೃತಕ್ಕೆ ಸೇರಿದ್ದ ನೆರೆಮನೆಯ ಹುಡುಗನಿಗೆ ೧೨೫. ಅವನು ಪೇಡೆ ಹಿಡಿದು ಬಂದು ಹಿರಿಯರ ಕಾಲಿಗೆರಗಿದನು. ಅವರು ನಗುತ್ತ, ‘ಹರಿ’ ಶಬ್ದವನ್ನು ಹೇಳೆಂದರು. ಅವನು ಎಲ್ಲ ವಿಭಕ್ತಿಗಳನ್ನೂ ಉಸಿರು ಕಟ್ಟದೆ ಒಪ್ಪಿಸಿದನು. ಪಾಠದ ಒಂದು ಶ್ಲೋಕವನ್ನು ಹೇಳಿಸಿ ಅನ್ವಯ ಕೇಳಿದರು; ಅದನ್ನೂ ಹೇಳಿದನು. ಇದನ್ನು ಅವರು ನಿರೀಕ್ಷಿಸಿರಲಿಲ್ಲ. ಒಳಗೆ ಹೋಗಿ, ಅಂಚು ಮುರಿದ ತಮ್ಮ ಅಮರಕೋಶದ ಪ್ರತಿಯನ್ನು ತಂದು ಅವನ ಕೈಯಲ್ಲಿಟ್ಟರು.

ಮೊಮ್ಮಗಳಿಗೆ ಇದು ಸರಿಬೀಳಲಿಲ್ಲ. ಜಗಲಿಯ ಪಾಠ ಮೂರು ವರ್ಷ ನಡೆದುದು ಅಷ್ಟಕ್ಕಷ್ಟೆ. ತಪ್ಪು ಅವಳದೆಷ್ಟೋ ಅಜ್ಜನದೂ ಅಷ್ಟೆ. “ನನಗೆ?” ಎಂದಳು. ಅವರು ಅಟ್ಟದಿಂದ ತಾಳೆಗರಿಯ ಕಟ್ಟೊಂದನ್ನು ಇಳಿಸಿದರು. ಅಕ್ಷರ ಒಂದೂ ಅವಳಿಗೆ ತಿಳಿಯಲಿಲ್ಲ. “ಯಾವ ಭಾಷೆ, ಅಜ್ಜ?” “ಭಾಷೆ ಸಂಸ್ಕೃತ, ಲಿಪಿ ತುಳು. ಈ ಸೀಮೆಯ ವೈದಿಕರು ಹೀಗೆಯೇ ಬರೆಯುತ್ತಿದ್ದರು. ಈಗ ಈ ಮನೆಯಲ್ಲಿ ಇದನ್ನು ಓದುವವನು ನಾನೊಬ್ಬನೇ.” ಆ ರಜೆಯಲ್ಲಿ ಅವಳು ಹದಿನಾಲ್ಕು ಅಕ್ಷರಗಳವರೆಗೆ ಬಂದಳು. ಅಷ್ಟರಲ್ಲಿ ಕಾಲೇಜಿನ ಅರ್ಜಿ ಬಂತು. ಅದರಲ್ಲಿಯೂ ಭಾಷೆಯ ಸಾಲೊಂದಿತ್ತು. ತಂದೆ ಈ ಸಲ ಲೆಕ್ಕ ಹೇಳದೆ ಲೇಖನಿಯನ್ನು ಅವಳ ಕೈಗೇ ಕೊಟ್ಟನು. ಅವಳು ‘ಸಂಸ್ಕೃತ’ ಎಂದು ಬರೆದಳು. ಅಂಕಕ್ಕಾಗಿಯೋ ತಾಳೆಗರಿಗಾಗಿಯೋ ಎಂದು ತಂದೆ ಕೇಳಲಿಲ್ಲ. ಜಗಲಿಯಲ್ಲಿದ್ದ ಅಜ್ಜನೂ ಕೇಳಲಿಲ್ಲ.