ಉಳಿಸಿಕೊಂಡದ್ದು, ಕಳೆದುಕೊಂಡದ್ದು

ನಮ್ಮ ಕಾಲದವರಿಗೆ ಯಾವ ವಸ್ತುವನ್ನೂ ಸುಲಭವಾಗಿ ಎಸೆಯಲು ಮನಸ್ಸು ಬಾರದು. ಹಳೆಯ ಮನೆಯನ್ನು ಕೆಡವಿದರೆ ಅದರ ಕಂಬ, ತೊಲೆ, ಬಾಗಿಲುಗಳನ್ನು ಹೊಸ ಮನೆಗೆ ಹೊಂದಿಸಿಕೊಳ್ಳುತ್ತಿದ್ದ ಹಿರಿಯರನ್ನು ಕಂಡು ಬೆಳೆದವರು ನಾವು. 2012ರಲ್ಲಿ ಕೊಂಡಿದ್ದ ನನ್ನ ಕಂಪ್ಯೂಟರಿನ ಮದರ್‌ಬೋರ್ಡ್ 2019ರಲ್ಲಿ ಕೆಟ್ಟು ನಿಂತಾಗ ನಾನು ಹಿಡಿದದ್ದೂ ಅದೇ ದಾರಿ. ಮದರ್‌ಬೋರ್ಡ್ ಒಂದನ್ನು ಹೊಸದಾಗಿ ತಂದು, ಮಿಕ್ಕುದೆಲ್ಲ ಹಳೆಯದನ್ನೇ ಜೋಡಿಸುವುದೆಂದು ನಿಶ್ಚಯಿಸಿದೆ. ಈ ಕೆಲಸದಲ್ಲಿ ಪಳಗಿದ ಹಳೆಯ ವಿದ್ಯಾರ್ಥಿಯೊಬ್ಬ ಸ್ಕ್ರೂಡ್ರೈವರ್ ಹಿಡಿದು ಬಂದ. ಅಂದು ಅವನು ಗುರು, ನಾನು ಶಿಷ್ಯ.

ಕ್ಯಾಬಿನೆಟ್ಟಿನಿಂದ ತೊಂದರೆಯಾಗಲಿಲ್ಲ. ಇಂಟೆಲ್ ಕಂಪನಿ 1995ರಲ್ಲಿ ರೂಪಿಸಿದ ಎಟಿಎಕ್ಸ್ ಎಂಬ ಮಾನದಂಡವು ತಿರುಪುಗಳ ರಂಧ್ರಗಳು ಎಲ್ಲೆಲ್ಲಿರಬೇಕೆಂದು ಗೊತ್ತುಪಡಿಸಿದೆಯಂತೆ. ಹಾಗಾಗಿ ಹೊಸ ಬೋರ್ಡು ಹಳೆಯ ಹಿತ್ತಾಳೆಯ ಗೂಟಗಳ ಮೇಲೆಯೇ ಕುಳಿತಿತು. ರಂಧ್ರವಿಲ್ಲದ ಕಡೆ ನಿಂತಿದ್ದ ಗೂಟವೊಂದನ್ನು ಮಾತ್ರ ಅವನು ಮರೆಯದೆ ಕಿತ್ತ. ಅದು ಬೋರ್ಡಿನ ತಳಕ್ಕೆ ತಗುಲಿದರೆ ಶಾರ್ಟ್ ಆಗುವ ಭಯವಿತ್ತು. ಡಿವಿಡಿ ಡ್ರೈವೂ ಹಾರ್ಡ್ ಡಿಸ್ಕೂ ಸಾಟಾ ತಂತಿಯವಾದ್ದರಿಂದ ತಕರಾರಿಲ್ಲದೆ ಸೇರಿಕೊಂಡವು.

ತಕರಾರು ಎದ್ದದ್ದು ಪ್ರೊಸೆಸರಿನಲ್ಲಿ. ಹಳೆಯದಕ್ಕೆ 1155 ಸಂಪರ್ಕ ಬಿಂದುಗಳು, ಹೊಸ ಬೋರ್ಡಿನ ಸಾಕೆಟ್ಟಿಗೆ 1151. "ನಾಲ್ಕೇ ತಾನೇ ವ್ಯತ್ಯಾಸ?" ಎಂದೆ. "ನಾಲ್ಕೇ ಅಂಕ ಕಡಿಮೆಯಾಯಿತೆಂದು ನೀವು ಯಾರನ್ನಾದರೂ ಪಾಸು ಮಾಡಿದ್ದುಂಟೇ ಸಾರ್?" ಎಂದು ನಕ್ಕ. ರ್‍ಯಾಮಿನ ಕಥೆಯೂ ಅಷ್ಟೆ. ನನ್ನಲ್ಲಿದ್ದದ್ದು 240 ಪಿನ್ನುಗಳ ಡಿಡಿಆರ್ 3. ಬೋರ್ಡು ಬೇಡುತ್ತಿದ್ದದ್ದು 288 ಪಿನ್ನುಗಳ ಡಿಡಿಆರ್ 4. ಮೊದಲನೆಯದಕ್ಕೆ ಒಂದೂವರೆ ವೋಲ್ಟ್, ಎರಡನೆಯದಕ್ಕೆ 1.2 ವೋಲ್ಟ್. ತಪ್ಪಿ ಒಂದರ ಜಾಗದಲ್ಲಿ ಇನ್ನೊಂದು ಕೂರದಂತೆ ಅಂಚಿನ ಕಚ್ಚನ್ನೇ ಬೇರೆ ಕಡೆ ಇಟ್ಟಿದ್ದಾರೆ. ಎರಡನ್ನೂ ಹೊಸದಾಗಿ ತರಬೇಕಾಯಿತು.

ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಹೊಂದುತ್ತಿತ್ತು. ಆದರೂ ಅವನು ಒಪ್ಪಲಿಲ್ಲ. "ಇದರೊಳಗಿನ ಕೆಪಾಸಿಟರುಗಳಿಗೂ ವಯಸ್ಸಾಗುತ್ತದೆ. ಕೆಡುವಾಗ ಹೊಸ ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು" ಎಂದ. ಮನಸ್ಸಿಲ್ಲದ ಮನಸ್ಸಿನಿಂದ ಅದಕ್ಕೂ ಹಣ ಕೊಟ್ಟೆ. ಕೊನೆಗೆ ಹಾರ್ಡ್ ಡಿಸ್ಕನ್ನು ಪರೀಕ್ಷಿಸಿ, ಅದರ ಕೆಲವು ಭಾಗಗಳು ಆಗಲೇ ಕೆಟ್ಟಿರುವುದನ್ನು ತೆರೆಯ ಮೇಲೆ ತೋರಿಸಿದ. "ಓಡುತ್ತಿದೆ ನಿಜ ಸಾರ್, ನಂಬುವಂತಿಲ್ಲ." ಅಷ್ಟು ಹೊತ್ತಿಗೆ ನನ್ನ ಕೈ ಬಿಗಿಯಾಗಿತ್ತು. "ನೋಡೋಣ ಬಿಡಪ್ಪ" ಎಂದುಬಿಟ್ಟೆ.

ಹನ್ನೊಂದು ತಿಂಗಳು ಅದು ಓಡಿತು. ಒಂದು ಬೆಳಗ್ಗೆ ಒಳಗಿನಿಂದ ಟಕ್ ಟಕ್ ಎಂಬ ಸದ್ದು ಕೇಳಿಸಿತು. ಮತ್ತೆ ಅದು ತೆರೆಯಲೇ ಇಲ್ಲ. ಅದರಲ್ಲಿ, ನಿಮ್ಮಲ್ಲಿ ಅನೇಕರಿಂದ ಎರವಲು ತಂದು ಸ್ಕ್ಯಾನ್ ಮಾಡಿ ಹಿಂದಿರುಗಿಸಿದ್ದ ತರಗತಿಯ ಗುಂಪುಚಿತ್ರಗಳು, ಶಾಲಾ ನಾಟಕದ ಚಿತ್ರಗಳು, ಪ್ರವಾಸದ ಚಿತ್ರಗಳು ಇದ್ದವು. ಒಟ್ಟು 212. ಪೆನ್ ಡ್ರೈವೊಂದರಲ್ಲಿ ಅಕಸ್ಮಾತ್ತಾಗಿ ಉಳಿದದ್ದು 37.

ಹಳೆಯ ಭಾಗವು ಹೊಸ ಬೋರ್ಡಿಗೆ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಸಾಕೆಟ್ಟೂ ಕಚ್ಚೂ ತಾವೇ ಹೇಳುತ್ತವೆ. ಅದನ್ನು ಇನ್ನೂ ನಂಬಬಹುದೇ ಎಂಬುದನ್ನು ಅವು ಹೇಳಲಾರವು. ಕ್ಯಾಬಿನೆಟ್ಟು ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಡಿಸ್ಕಿನ ವಿಷಯದಲ್ಲಿ ನಾನು ಉಳಿಸಹೊರಟದ್ದು ಡಿಸ್ಕಿನ ಬೆಲೆಯನ್ನು ಮಾತ್ರ; ಅದರೊಳಗಿದ್ದುದರ ಬೆಲೆಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಗಣಿತ ಕಲಿಸಿದವನು ಮಾಡಬಾರದ ತಪ್ಪು ಅದು.

ಈಗ ಕಡತಗಳೆಲ್ಲ ಮೂರು ಕಡೆ ಇವೆ. ಒಂದು ಪ್ರತಿ ಮಗಳ ಮನೆಯಲ್ಲಿದೆ. ಹಳೆಯ ಕ್ಯಾಬಿನೆಟ್ಟೂ ಡಿವಿಡಿ ಡ್ರೈವೂ ಇಂದಿಗೂ ದುಡಿಯುತ್ತಿವೆ. ಅಂದು ಚಿತ್ರಗಳನ್ನು ಎರವಲು ಕೊಟ್ಟವರ ಆಲ್ಬಮ್ಮುಗಳಲ್ಲಿ ಅವು ಇನ್ನೂ ಇದ್ದರೆ ದಯವಿಟ್ಟು ಇನ್ನೊಮ್ಮೆ ಕಳುಹಿಸಿಕೊಡಿ. ಯಾವ ವರ್ಷದ್ದು, ಯಾವ ತರಗತಿಯದು ಎಂದು ಹಿಂಬದಿಯಲ್ಲಿ ಬರೆದಿದ್ದರೆ ಅದರ ಪ್ರತಿಯೂ ಇರಲಿ. ಮುಖಗಳು ನೆನಪಿವೆ, ಹೆಸರುಗಳು ಈಗೀಗ ತಪ್ಪಿಹೋಗುತ್ತಿವೆ.