ಅಳಿಸುವ ಮೊದಲು ಎಣಿಸಿರಿ

ಗಣಕಯಂತ್ರ ಹಳೆಯದಾಯಿತೆಂದರೆ ಹುಡುಗರು ಹೇಳುವ ಮದ್ದು ಒಂದೇ: “ಎಲ್ಲಾ ಅಳಿಸಿ ಹೊಸದಾಗಿ ವಿಂಡೋಸ್ ಹಾಕೋಣ.” ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಬಳಿಕ ನಮ್ಮ ಮನೆಯಲ್ಲೂ ಈ ಮಾತು ಬಂದಿತು. ಮೊಮ್ಮಗ ವಿಂಡೋಸ್ 11 ಹಾಕಲು ಕುಳಿತ.

“ತಡೀಪಾ, ದೀಪಾವಳಿಗೆ ಹೊಸ ವಹಿ ಪೂಜೆ ಮಾಡಿದರೆ ಹಳೇ ವಹಿ ಒಲೀಗೆ ಹಾಕ್ತೀವೇನು?” ಎಂದೆ.

ಇಬ್ಬರೂ ಕೂಡಿ ಯಾದಿ ಮಾಡಿದೆವು. ಮೊದಲನೆಯದು ಅಂಗಡಿಯ ಟ್ಯಾಲಿ ಲೆಕ್ಕ. ಜಿಎಸ್‌ಟಿ ಕಾನೂನಿನಂತೆ ವಾರ್ಷಿಕ ರಿಟರ್ನ್ ತುಂಬುವ ಕಡೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಲೇಬೇಕು. ಟ್ಯಾಲಿಯ ಲೈಸೆನ್ಸನ್ನೂ ಮೊದಲೇ ಸರೆಂಡರ್ ಮಾಡಿಸಿದೆವು.

ಎರಡನೆಯದು, 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋದಾಗ ತೆಗೆದ ನಮ್ಮ ಅವ್ವನ ಫೋಟೋಗಳು. ಅವ್ವ ಈಗಿಲ್ಲ. ಫೋಟೋಗಳ ಬೇರೆ ಪ್ರತಿಯೂ ಇರಲಿಲ್ಲ. ಅವು ಇದ್ದದ್ದು ಡೆಸ್ಕ್‌ಟಾಪಿನ ಮೇಲೆ, ಅಂದರೆ ಅಳಿಸಲಿದ್ದ ಸಿ ಡ್ರೈವಿನಲ್ಲೇ. ಕಣ್ಣೆದುರು ಕಾಣುತ್ತದೆಂದ ಮಾತ್ರಕ್ಕೆ ಅದು ಭದ್ರವಲ್ಲ.

ಎರಡನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಇಳಿಸಿ, ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿದೆವು. ಸೊಸೆಯ ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ತೆರೆದು ನೋಡಿದ ಮೇಲೆಯೇ ಅಳಿಸಲು ಒಪ್ಪಿಗೆ ಕೊಟ್ಟೆ. ಆಟ, ಸಿನೆಮಾ, ಒಂದೇ ಚಿತ್ರದ ನಾಲ್ಕಾರು ನಕಲು ಎಲ್ಲ ಹೋದವು. ಯಾರಿಗೂ ಅವುಗಳ ನೆನಪಾಗಲಿಲ್ಲ.

ಅಪರಿಗ್ರಹವೆಂದರೆ ಇದ್ದದ್ದನ್ನೆಲ್ಲ ಚೆಲ್ಲುವುದೆಂದು ಕೆಲವರು ತಿಳಿಯುತ್ತಾರೆ. ಅದು ಮುನಿಗಳ ಮಾರ್ಗ. ಶ್ರಾವಕರಿಗೆ ಹೇಳಿದ್ದು ಪರಿಗ್ರಹ ಪರಿಮಾಣ ವ್ರತ, ಅಂದರೆ ಇಟ್ಟುಕೊಳ್ಳುವುದಕ್ಕೆ ಒಂದು ಅಳತೆ. ಅಳೆಯಬೇಕಾದರೆ ಮನೆಯಲ್ಲಿ ಏನೇನಿದೆ ಎಂದು ಮೊದಲು ನೋಡಬೇಕಲ್ಲವೇ? ಬಂಧುಗಳು ತಮ್ಮ ಮಕ್ಕಳ ಜೊತೆ ಒಂದು ಭಾನುವಾರ ಈ ಕೆಲಸಕ್ಕೆ ಕೂಡಲಿ.