ಕೀ ಯಾರ ಕೈಲಿದೆ?



ಹಿರಿಯೂರಲ್ಲಿ ನಾವು ಎರಡು ಹಳೇ ಕಂಪ್ಯೂಟರಿಗೆ ಟ್ರೂನ್ಯಾಸ್ ಹಾಕಿ ಸರ್ವರ್ ಮಾಡ್ಕೊಂಡಿದ್ದೀವಿ. ಒಂದರಲ್ಲಿ ದೌರ್ಜನ್ಯ ಕೇಸುಗಳ ಎಫ್‌ಐಆರ್ ಪ್ರತಿ, ಫೋಟೊ, ನೊಂದವರ ಮಾತಿನ ವಿಡಿಯೊ. ಇನ್ನೊಂದರಲ್ಲಿ ಕರಪತ್ರ, ಹೋರಾಟದ ಹಾಡು; ಅದು ಕಾರ್ಯಕರ್ತರೆಲ್ಲರಿಗೂ ಓಪನ್. ಕೇಸಿನ ಮೆಷೀನ್ ತೀರಾ ಹಳತಾಯ್ತು. ಹೋದ ಭಾನುವಾರ ಎರಡರ ಬೂಟ್ ಡಿಸ್ಕನ್ನೂ ಅದಲು ಬದಲು ಮಾಡಿದ್ವಿ.

"ಅಣ್ಣ, ಪುಟ್ಟ ಡಿಸ್ಕ್ ತಾನೇ, ಕಿತ್ತು ಹಾಕಿದ್ರಾಯ್ತು" ಅಂದ ಹುಡುಗನೊಬ್ಬ. ಅಷ್ಟು ಸಲೀಸಲ್ಲ. ಫೈಲುಗಳಿರೋದು ದೊಡ್ಡ ಡಿಸ್ಕುಗಳಲ್ಲಿ. ಅದನ್ನ ಯಾರು ನೋಡಬಹುದು ಅನ್ನೋದು ಅಲ್ಲಿ ಹೆಸರಲ್ಲಿರಲ್ಲ, ನಂಬರಲ್ಲಿರುತ್ತೆ. ಆ ನಂಬರ್ ಯಾರದು ಅಂತ ಹೇಳೋದು ಬೂಟ್ ಡಿಸ್ಕ್. ಬೂಟ್ ಡಿಸ್ಕ್ ಮಾತ್ರ ಬದಲಾದ್ರೆ ಅದೇ ನಂಬರ್ ಬೇರೊಬ್ಬರದ್ದಾಗಬಹುದು. ಆರೋಪಿಗಳ ಕೇರಿ ಪಕ್ಕದಲ್ಲೇ ಇನ್ನೂ ಬದುಕ್ತಿರೋ ಹೆಣ್ಣುಮಗಳ ವಿಡಿಯೊ ಸಿಕ್ಕಸಿಕ್ಕವರಿಗೆ ಕಂಡ್ರೆ?

ಅದಕ್ಕೇ ದೊಡ್ಡ ಡಿಸ್ಕುಗಳನ್ನೂ ಜೊತೆಗೇ ಸಾಗಿಸಿದ್ವಿ. ಅದಕ್ಕೂ ಮೊದಲು ಸೆಟ್ಟಿಂಗ್ ಫೈಲ್, ಎನ್‌ಕ್ರಿಪ್ಶನ್ ಕೀ ಬೇರೆ ಕಡೆ ಉಳಿಸಿಟ್ವಿ. ಕೇಬಲ್ ಹಿಂದುಮುಂದಾದ್ರೂ ಝಡ್‌ಎಫ್‌ಎಸ್ ತನ್ನ ಡಿಸ್ಕನ್ನ ತಾನೇ ಗುರುತು ಹಿಡೀತು. ನೆಟ್‌ವರ್ಕ್ ಕಾರ್ಡ್ ಬೇರೆಯಾದ್ದರಿಂದ ಐಪಿ ಅಡ್ರೆಸ್ ಮಾತ್ರ ಮಾನಿಟರ್ ಜೋಡಿಸಿ ಹೊಸದಾಗಿ ಕೊಟ್ವಿ.

1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ 15ಎ ಕಲಂ ಸೇರಿತು. ನಡಾವಳಿ ವಿಡಿಯೊ ಆಗಬೇಕು, ನೊಂದವರು ಸಂಘಟನೆಗಳ ನೆರವು ಪಡೀಬಹುದು ಅನ್ನುತ್ತೆ ಅದು. ನೆರವು ಅಂದ್ರೆ ಧರಣಿಯಲ್ಲಿ ಘೋಷಣೆ ಕೂಗೋದಷ್ಟೇ ಅಲ್ಲ. ಅವರು ನಂಬಿ ಕೊಟ್ಟ ಮಾತನ್ನ ಕೇಸು ಮುಗಿಯೋವರೆಗೂ ಜೋಪಾನ ಮಾಡೋದೂ ನೆರವೇ.

ಕೀ ಈಗ ಮೂವರ ಹತ್ರ ಇದೆ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು. ನಿಮ್ಮ ತಾಲ್ಲೂಕಿನ ದಾಖಲೆ ಯಾರ ಮೊಬೈಲಲ್ಲಿದೆ? ಇವತ್ತೇ ಕೇಳಿ.

ಜೈ ಭೀಮ್.